ಮೊಗ್ಗಿನೊಳಗಣ ಕಟ್ಟಳೆ

ಮನೆಯಂಗಳದಲ್ಲಿ ದಾಸವಾಳದ ಗಿಡವಿಲ್ಲದ ಊರು ನಮ್ಮ ನಾಡಿನಲ್ಲಿ ವಿರಳ. ಬೆಳಗಿನ ಪೂಜೆಗೆಂದು ಹೂ ಬಿಡಿಸುವ ಮಕ್ಕಳು ಎರಡು ಬಗೆಯ ದಾಸವಾಳಗಳನ್ನು ಬುಟ್ಟಿಗೆ ಹಾಕುತ್ತಾರೆ. ಒಂದು ಐದೇ ಎಸಳುಗಳದು. ನಡುವೆ ನೀಳವಾದ ದಂಡ, ಅದರ ಮೈಮೇಲೆ ಪರಾಗದ ಹಳದಿ ಗುಂಡುಗಳು. ಇನ್ನೊಂದು ಎಸಳಿನ ಮೇಲೆ ಎಸಳು ಒತ್ತಿ ತುಂಬಿದ್ದು; ಅದರಲ್ಲಿ ದಂಡವೂ ಪರಾಗವೂ ಎಸಳುಗಳ ಸಂದಣಿಯಲ್ಲಿ ಮರೆಯಾಗಿಬಿಟ್ಟಿರುತ್ತವೆ. ಈ ಎರಡನೆಯ ಹೂವಿನ ಎಸಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಒಳಗಣ ಕೆಲವು ಎಸಳುಗಳ ಅಂಚಿನಲ್ಲಿ ಪರಾಗದ ಚೀಲ ಅರೆಬರೆಯಾಗಿ ಅಂಟಿಕೊಂಡಿರುವುದು ಕಾಣುತ್ತದೆ. ಕೇಸರವಾಗಬೇಕಾಗಿದ್ದುದು ಎಸಳಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಒಂದೇ ಕುಲದ ಎರಡು ಗಿಡಗಳಲ್ಲಿ ಈ ಭೇದವೇಕೆ ಎಂದು ಮಗು ಕೇಳಿದರೆ, "ಅದರ ತಳಿಯೇ ಹಾಗೆ" ಎಂದು ಹೇಳಿ ಹಿರಿಯರಾದ ನಾವು ಮಾತು ಮುಗಿಸುವುದುಂಟು. ಅದು ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ. ಮೊಗ್ಗು ಸಾಸಿವೆಯ ಕಾಳಿಗಿಂತ ಎಷ್ಟೋ ಕಿರಿದಾಗಿರುವಾಗಲೇ ಅದರೊಳಗೆ ಯಾವ ಜೀವಕೋಶ ಎಷ್ಟು ಸಲ ಒಡೆದು ಎರಡಾಗಬೇಕು, ಎಲ್ಲಿ ಎಸಳು ಮೂಡಬೇಕು, ಎಲ್ಲಿ ಕೇಸರ ಮೂಡಬೇಕು, ಯಾವಾಗ ಎಲ್ಲವೂ ನಿಲ್ಲಬೇಕು ಎಂಬುದು ನಿಶ್ಚಯವಾಗುತ್ತದೆ. ಆ ನಿಶ್ಚಯದ ರೀತಿಯನ್ನು ವಿಜ್ಞಾನಿಗಳು 1990ರಿಂದೀಚೆಗೆ ಬಹುಮಟ್ಟಿಗೆ ಬಿಡಿಸಿ ತೋರಿಸಿದ್ದಾರೆ. ಸಸ್ಯಶಾಸ್ತ್ರ ನಾವು ಗುರುಮುಖದಿಂದ ಕಲಿತ ಶಾಸ್ತ್ರವಲ್ಲ. ವ್ಯಾಕರಣ, ತರ್ಕಗಳನ್ನು ಓದಿದ ನಮಗೆ ಇದು ಇಳಿವಯಸ್ಸಿನ ಓದು. ಆದರೂ ಓದುತ್ತ ಹೋದಂತೆ ಮೊಗ್ಗಿನೊಳಗೂ ಒಂದು ವ್ಯಾಕರಣವುಂಟೆಂಬುದು ನಮಗೆ ಮನದಟ್ಟಾಯಿತು. ಅದನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಒಂದು ಎರಡಾಗುವ ವಿಧಾನ

ಗಿಡಮರಗಳ ಶರೀರವೂ ನಮ್ಮ ಶರೀರದಂತೆ ಜೀವಕೋಶಗಳಿಂದ ಆದುದು. ಒಂದು ಕೋಶ ಎರಡಾಗುವುದಕ್ಕೆ ಕೋಶವಿಭಜನೆ ಎಂದು ಹೆಸರು. ಇದು ಕೋಲನ್ನು ಮುರಿದಂತೆ ಒಮ್ಮೆಲೇ ನಡೆದುಹೋಗುವ ಕ್ರಿಯೆಯಲ್ಲ. ಕೋಶ ಮೊದಲು ಬೆಳೆಯಬೇಕು. ಅನಂತರ ತನ್ನೊಳಗಿನ ಡಿ.ಎನ್.ಎ.ಯ ಪೂರ್ಣ ಪ್ರತಿಯೊಂದನ್ನು ಸಿದ್ಧಗೊಳಿಸಬೇಕು. ಪ್ರತಿ ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಕಡೆಗೆ ಎರಡು ಪ್ರತಿಗಳನ್ನು ಎರಡು ಬದಿಗೆ ಸರಿಸಿ ನಡುವೆ ಗೋಡೆಯೆಬ್ಬಿಸಬೇಕು. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಕಾಲಿಡುವಂತಿಲ್ಲ. ಹಾಗಾದರೆ ಈ ಹಂತಗಳ ಬಾಗಿಲನ್ನು ತೆರೆಯುವವರಾರು?

ಈ ಪ್ರಶ್ನೆಗೆ ಮೊದಲ ಉತ್ತರ ಹೂವಿನಿಂದ ಬರಲಿಲ್ಲ. ಹಿಟ್ಟನ್ನು ಹುದುಗು ಬರಿಸುವ ಯೀಸ್ಟಿನಿಂದಲೂ, ಮೈತುಂಬ ಮುಳ್ಳುಗಳುಳ್ಳ ಅರ್ಚಿನ್ ಎಂಬ ಕಡಲಜೀವಿಯ ಮೊಟ್ಟೆಯಿಂದಲೂ ಬಂದಿತು. ಅಮೆರಿಕದ ಲೀಲ್ಯಾಂಡ್ ಹಾರ್ಟ್‌ವೆಲ್ ಮತ್ತು ಇಂಗ್ಲೆಂಡಿನ ಪಾಲ್ ನರ್ಸ್ ಅವರು ಎರಡು ಬೇರೆ ಬೇರೆ ಬಗೆಯ ಯೀಸ್ಟುಗಳಲ್ಲಿ ವಿಭಜನೆಯನ್ನು ಆಳುವ ವಂಶವಾಹಿಗಳನ್ನು ಗುರುತಿಸಿದರು. ಟಿಮ್ ಹಂಟ್ ಅವರು 1982ರಲ್ಲಿ ಅರ್ಚಿನ್ ಮೊಟ್ಟೆಗಳನ್ನು ಪರೀಕ್ಷಿಸುತ್ತಿದ್ದಾಗ, ಒಂದು ಪ್ರೋಟೀನು ಕ್ರಮವಾಗಿ ಸಂಗ್ರಹವಾಗಿ, ಪ್ರತಿಯೊಂದು ವಿಭಜನೆಯ ಹೊತ್ತಿಗೆ ಕರಗಿಹೋಗಿ, ಮತ್ತೆ ಸಂಗ್ರಹವಾಗುವುದನ್ನು ಕಂಡರು. ಅದಕ್ಕೆ ಸೈಕ್ಲಿನ್ ಎಂದು ಹೆಸರಾಯಿತು. ಸೈಕ್ಲಿನ್ ಬಂದು ಕೂಡಿದಾಗ ಮಾತ್ರ ಕೆಲಸಕ್ಕೆ ತೊಡಗುವ ಕಿಣ್ವವೊಂದು ಕೋಶದಲ್ಲಿ ಉಂಟು. ಕಿಣ್ವವನ್ನು ಬೀಗವೆಂದು ಭಾವಿಸಿದರೆ ಸೈಕ್ಲಿನ್ ಅದರ ಬೀಗದ ಕೈ. ಈ ಮೂವರಿಗೂ 2001ರ ವೈದ್ಯಕೀಯ ನೊಬೆಲ್ ಪಾರಿತೋಷಕ ಸಂದಿತು. ಯೀಸ್ಟಿನಲ್ಲಿ, ಮನುಷ್ಯನಲ್ಲಿ, ಮಲ್ಲಿಗೆಯ ಮೊಗ್ಗಿನಲ್ಲಿ ಈ ಬೀಗವೂ ಬೀಗದ ಕೈಯೂ ಒಂದೇ ವಂಶಕ್ಕೆ ಸೇರಿದವು. ಸೃಷ್ಟಿಯ ಏಕಸೂತ್ರತೆಗೆ ಇದೊಂದು ನಿದರ್ಶನ.

ಕದಲದ ಕೋಶಗಳು

ಆದರೆ ಗಿಡಕ್ಕೂ ಪ್ರಾಣಿಗೂ ಒಂದು ದೊಡ್ಡ ಅಂತರವಿದೆ. ಪ್ರಾಣಿಯ ಭ್ರೂಣದಲ್ಲಿ ಕೋಶಗಳು ಒಂದೆಡೆಯಿಂದ ಇನ್ನೊಂದೆಡೆಗೆ ಚಲಿಸಿ ಅಂಗಗಳನ್ನು ಕಟ್ಟಬಲ್ಲವು. ಗಿಡದ ಕೋಶಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದರ ಸುತ್ತ ಗಟ್ಟಿಯಾದ ಭಿತ್ತಿ. ನೆರೆಹೊರೆಯ ಕೋಶಗಳಿಗೆ ಅದು ಅಂಟಿಕೊಂಡೇ ಹುಟ್ಟುತ್ತದೆ, ಅಂಟಿಕೊಂಡೇ ಬಾಳುತ್ತದೆ. ಆದುದರಿಂದ ಹೂವಿನ ಆಕಾರವೆಲ್ಲ ಕೋಶಗಳು ಎಲ್ಲಿ ಒಡೆಯುತ್ತವೆ, ಯಾವ ದಿಕ್ಕಿಗೆ ಬೆಳೆಯುತ್ತವೆ, ಎಷ್ಟು ಕಾಲ ಒಡೆಯುತ್ತವೆ, ಎಂದು ನಿಲ್ಲಿಸುತ್ತವೆ ಎಂಬ ಈ ನಾಲ್ಕನ್ನೇ ಅವಲಂಬಿಸಿದೆ. ಕಲ್ಲುಕುಟಿಗನು ಬೇಡವಾದುದನ್ನು ಕೆತ್ತಿ ತೆಗೆದು ಮೂರ್ತಿಯನ್ನು ಮಾಡುತ್ತಾನೆ. ಮೊಗ್ಗು ಬೇಕಾದೆಡೆ ಬೇಕಾದಷ್ಟನ್ನೇ ಬೆಳೆಸಿ ಮೂರ್ತಿಯಾಗುತ್ತದೆ.

ಈ ಕಾರ್ಯ ನಡೆಯುವ ಸ್ಥಾನ ಕುಡಿಯ ತುದಿ. ಅಲ್ಲಿ ಗುಮ್ಮಟದ ಆಕಾರದ ಅತಿ ಚಿಕ್ಕ ಅಂಗಾಂಶವೊಂದುಂಟು. ಅದಕ್ಕೆ ವರ್ಧನ ಅಂಗಾಂಶವೆನ್ನುತ್ತಾರೆ. ಅದರ ನಡುವಣ ಕೆಲವೇ ಕೋಶಗಳು ಎಂದಿಗೂ ಮುಪ್ಪಾಗದೆ ಹೊಸ ಕೋಶಗಳನ್ನು ಹೆರುತ್ತಲೇ ಇರುತ್ತವೆ. ಅವನ್ನು ಆಕರಕೋಶಗಳೆಂದು ಕರೆಯೋಣ. ಆಲದ ಮರ ನೂರಾರು ವರ್ಷ ಹೊಸ ಚಿಗುರು ಬಿಡುವುದು ಈ ಆಕರಕೋಶಗಳ ಬಲದಿಂದಲೇ. ಹೂವಿನ ಸಂಗತಿ ಬೇರೆ. ಹೂವು ನಿಶ್ಚಿತ ಸಂಖ್ಯೆಯ ಅಂಗಗಳನ್ನು ಮಾಡಿ, ಬೀಜಕ್ಕೆ ಎಡೆಮಾಡಿಕೊಟ್ಟು, ತನ್ನ ಬೆಳವಣಿಗೆಯನ್ನು ಮುಗಿಸಲೇಬೇಕು. ಎಲೆಗೊಂಚಲಿಗೆ ಕೊನೆಯಿಲ್ಲ, ಹೂವಿಗೆ ಕೊನೆಯುಂಟು. ಆ ಕೊನೆಯನ್ನು ತರುವ ಬಗೆ ಹೇಗೆ ಎಂಬುದೇ ನಮ್ಮ ವಿಚಾರದ ತಿರುಳು.

ಮೂರು ಅಕ್ಷರಗಳ ವ್ಯಾಕರಣ

ಈ ಸಂಶೋಧನೆಗೆ ಆಧಾರವಾದುದು ಕಮಲವಲ್ಲ, ಗುಲಾಬಿಯಲ್ಲ. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಕಳೆಗಿಡ. ಗೇಣುದ್ದದ ಈ ಗಿಡ ಸುಮಾರು ಆರು ವಾರಗಳಲ್ಲಿ ಬೀಜದಿಂದ ಬೀಜಕ್ಕೆ ಬರುತ್ತದೆ. ಅದರ ಹೂವಿನಲ್ಲಿ ಹೊರಗಿನಿಂದ ಒಳಕ್ಕೆ ನಾಲ್ಕು ಸುತ್ತು: ನಾಲ್ಕು ಹಸಿರು ಪುಷ್ಪಪತ್ರಗಳು, ನಾಲ್ಕು ಬಿಳಿಯ ಎಸಳುಗಳು, ಆರು ಕೇಸರಗಳು, ನಡುವೆ ಎರಡು ಅಂಡಪರ್ಣಗಳು ಕೂಡಿದ ಶಲಾಕೆ. ಗುಬುಟಾಗಿ ಮೂಡಿದ ಮೊಗ್ಗು ಅರಳಲು ಸುಮಾರು ಎರಡು ವಾರ ಸಾಕು. 2000ದಲ್ಲಿ ಇದರ ಸಮಗ್ರ ಡಿ.ಎನ್.ಎ. ಬರಹವನ್ನು ಓದಿ ಮುಗಿಸಲಾಯಿತು. ಸಸ್ಯಗಳಲ್ಲಿ ಆ ಕೀರ್ತಿ ಮೊದಲು ಸಂದದ್ದು ಈ ಕಳೆಗೇ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎಲಿಯಟ್ ಮೇಯರೊವಿಟ್ಜ್ ಅವರು ಈ ಗಿಡದ ಮೇಲೆಯೂ, ಇಂಗ್ಲೆಂಡಿನ ನಾರಿಚ್ ನಗರದ ಜಾನ್ ಇನ್ಸ್ ಕೇಂದ್ರದಲ್ಲಿ ಎನ್ರಿಕೊ ಕೋಯೆನ್ ಅವರು ಸ್ನ್ಯಾಪ್‌ಡ್ರಾಗನ್ ಎಂಬ ಅಲಂಕಾರದ ಗಿಡದ ಮೇಲೆಯೂ ಪ್ರಯೋಗ ನಡೆಸಿದರು. ಹೂವು ಕೆಟ್ಟು ಹುಟ್ಟಿದ ಗಿಡಗಳನ್ನು ಆರಿಸಿ, ಯಾವ ವಂಶವಾಹಿ ಕೆಟ್ಟುದರಿಂದ ಯಾವ ಅಂಗ ಮಾರ್ಪಟ್ಟಿದೆ ಎಂದು ಪರಿಶೀಲಿಸುವುದೇ ಅವರ ವಿಧಾನ. ಅಪಶಬ್ದವನ್ನು ಪರೀಕ್ಷಿಸಿ ಸಾಧುಶಬ್ದದ ಸೂತ್ರವನ್ನು ಕಂಡುಕೊಂಡಂತೆ ಇದು. ಎರಡೂ ಗಿಡಗಳಲ್ಲಿ ಸೂತ್ರ ಒಂದೇ ಎಂದು ತಿಳಿದುಬಂದಾಗ, 1991ರಲ್ಲಿ ಅವರಿಬ್ಬರೂ ಕೂಡಿ ಅದನ್ನು ಪ್ರಕಟಿಸಿದರು. ವಂಶವಾಹಿಗಳ ಕಾರ್ಯದಲ್ಲಿ ಎ, ಬಿ, ಸಿ ಎಂಬ ಮೂರು ವರ್ಗಗಳು. ಎ ಒಂದೇ ಇದ್ದರೆ ಹಸಿರು ಪುಷ್ಪಪತ್ರ. ಎ, ಬಿ ಕೂಡಿದರೆ ಎಸಳು. ಬಿ, ಸಿ ಕೂಡಿದರೆ ಕೇಸರ. ಸಿ ಒಂದೇ ಇದ್ದರೆ ಅಂಡಪರ್ಣ. ಎ ಮತ್ತು ಸಿ ಒಂದನ್ನೊಂದು ತಡೆಯುತ್ತವೆ. ಒಂದು ಇಲ್ಲವಾದರೆ ಇನ್ನೊಂದು ಅದರ ಸೀಮೆಯನ್ನು ಆಕ್ರಮಿಸುತ್ತದೆ. ಮೂರು ವರ್ಣಗಳ ಸಂಯೋಗದಿಂದ ಹೂವೆಂಬ ಪದ ಸಿದ್ಧಿಸುತ್ತದೆ.

ಜರ್ಮನಿಯ ಮಹಾಕವಿ ಗಯಟೆ 1790ರಷ್ಟು ಹಿಂದೆಯೇ, ಹೂವಿನ ಅಂಗಗಳೆಲ್ಲ ಎಲೆಯ ರೂಪಾಂತರಗಳೆಂಬ ಮತವನ್ನು ಪುಸ್ತಕವೊಂದರಲ್ಲಿ ಪ್ರತಿಪಾದಿಸಿದ್ದರು. 2004ರಲ್ಲಿ ಅಮೆರಿಕದ ವಿಜ್ಞಾನಿಗಳು ಎ, ಬಿ, ಸಿ ವರ್ಗಗಳೊಡನೆ ದುಡಿಯುವ ಸೆಪಲ್ಲಾಟ ಎಂಬ ನಾಲ್ಕು ವಂಶವಾಹಿಗಳನ್ನು ಒಟ್ಟಿಗೆ ನಿಷ್ಕ್ರಿಯಗೊಳಿಸಿದ ಗಿಡವನ್ನು ಬೆಳೆಸಿದರು. ಅದರಲ್ಲಿ ಹೂವಿನ ಅಂಗಗಳೆಲ್ಲ ಎಲೆಗಳಂತಾದವು. ಕವಿಯ ಕಾಣ್ಕೆ ಪ್ರಯೋಗದಿಂದ ದೃಢಪಡಲು ಇನ್ನೂರು ವರ್ಷಗಳು ಹಿಡಿದವು.

ನಿಲ್ಲೆಂಬ ಆಜ್ಞೆ

ಈಗ ನಮ್ಮ ದಾಸವಾಳದಂಥ ಹೂಗಳ ಪ್ರಶ್ನೆಗೆ ಬರೋಣ. ಅರಾಬಿಡಾಪ್ಸಿಸಿನಲ್ಲಿ ಸಿ ವರ್ಗದ ಮುಖ್ಯ ವಂಶವಾಹಿಯ ಹೆಸರು ಅಗಾಮಸ್. ಅದು ಕೆಟ್ಟ ಗಿಡದಲ್ಲಿ ಕೇಸರಗಳ ಜಾಗದಲ್ಲಿ ಎಸಳುಗಳು ಬರುತ್ತವೆ. ಇದು ಸೂತ್ರಕ್ಕೆ ಅನುಗುಣವಾದದ್ದೇ. ಸಿ ಇಲ್ಲವಾದೆಡೆ ಎ ಬಂದು ಬಿ ಜೊತೆಗೆ ಕೂಡಿತು. ಆದರೆ ನಡುವೆ ಏನಾಗುತ್ತದೆ ಎಂಬುದು ಅಚ್ಚರಿಯದು. ಶಲಾಕೆ ಮೂಡಬೇಕಾದ ಜಾಗದಲ್ಲಿ ಇನ್ನೊಂದು ಹೂವೇ ಮೂಡುತ್ತದೆ. ಅದರ ನಡುವೆ ಮತ್ತೊಂದು. ಅದರ ನಡುವೆ ಮಗುದೊಂದು. ಪುಷ್ಪಪತ್ರ, ಎಸಳು, ಎಸಳು ಎಂಬ ಆವರ್ತನೆ ಮುಗಿಯುವುದೇ ಇಲ್ಲ. ಎಸಳುಗಳು ಸಮೃದ್ಧ, ಆದರೆ ಪರಾಗವಿಲ್ಲ, ಅಂಡಾಶಯವಿಲ್ಲ, ಬೀಜವಿಲ್ಲ. ಹೊರಗಿನ ಕಣ್ಣಿಗೆ ಸಂಪತ್ತಾಗಿ ಕಾಣುವುದು ಒಳಗೆ ಬಂಜೆತನ. ಗುಲಾಬಿಯ ಎಸಳುಗಳ ಬಾಹುಳ್ಯಕ್ಕೂ ಅಗಾಮಸಿಗೆ ಸಮಾನವಾದ ವಂಶವಾಹಿಯ ಸೀಮೆ ಕುಗ್ಗಿರುವುದೇ ಕಾರಣವೆಂದು 2010ರಲ್ಲಿ ತೋರಿಸಲಾಯಿತು.

ಇದರಿಂದ ಅಗಾಮಸ್ ಎರಡು ಕೆಲಸಗಳನ್ನು ಮಾಡುತ್ತದೆಂಬುದು ವಿದಿತವಾಗುತ್ತದೆ. ಕೇಸರ, ಅಂಡಪರ್ಣಗಳಿಗೆ ರೂಪ ಕೊಡುವುದು ಒಂದು. ಆಕರಕೋಶಗಳಿಗೆ ನಿಲ್ಲೆಂದು ಆಜ್ಞೆ ಕೊಡುವುದು ಇನ್ನೊಂದು. ಆಕರಕೋಶಗಳನ್ನು ಪೋಷಿಸುವ ವಂಶವಾಹಿಗೆ ವುಷೆಲ್ ಎಂದು ಹೆಸರು. ಗುಮ್ಮಟದ ಒಳಪದರದಲ್ಲಿದ್ದುಕೊಂಡು ಅದು ಮೇಲಿನ ಆಕರಕೋಶಗಳನ್ನು ಕಾಪಾಡುತ್ತದೆ. ಆ ಆಕರಕೋಶಗಳಾದರೋ ಕ್ಲಾವಾಟ ಎಂಬ ವರ್ಗದ ಸಂದೇಶವೊಂದನ್ನು ಕೆಳಗೆ ಕಳುಹಿಸಿ ವುಷೆಲ್ ಮಿತಿಮೀರದಂತೆ ಹಿಡಿದಿರುತ್ತವೆ. ಪೋಷಿಸಿದವನನ್ನು ಪೋಷಿತನೇ ಹದ್ದಿನಲ್ಲಿಡುವ ಈ ಏರ್ಪಾಡಿನಿಂದ ಗುಮ್ಮಟ ಬಹು ಹಿಗ್ಗುವುದೂ ಇಲ್ಲ, ಸೊರಗುವುದೂ ಇಲ್ಲ. ಮೊಗ್ಗಿನಲ್ಲಿ ಮಾತ್ರ ಇದಕ್ಕೆ ಮಂಗಳ ಹಾಡಬೇಕು. 2001ರಲ್ಲಿ ಪ್ರಕಟವಾದ ಎರಡು ಸಂಶೋಧನೆಗಳು ಅದರ ರೀತಿಯನ್ನು ತಿಳಿಸಿದವು. ಅಗಾಮಸನ್ನು ಎಚ್ಚರಿಸುವುದರಲ್ಲಿ ವುಷೆಲಿನ ಕೈಯೇ ಉಂಟು. ಎಚ್ಚತ್ತ ಅಗಾಮಸ್ ಕಡೆಗೆ ವುಷೆಲನ್ನೇ ಅಡಗಿಸುತ್ತದೆ. ತನ್ನನ್ನು ನಿಲ್ಲಿಸುವವನನ್ನು ತಾನೇ ಕರೆದು ತರುವುದು ಈ ವ್ಯವಸ್ಥೆಯ ವೈಶಿಷ್ಟ್ಯ.

ವಿಭಜನೆಯೇ ಗಡಿಯಾರ

ಇಲ್ಲಿ ಒಂದು ಸಂದೇಹ ಏಳುತ್ತದೆ. ಅಗಾಮಸ್ ಎಚ್ಚತ್ತ ಕೂಡಲೇ ವುಷೆಲನ್ನು ಅಡಗಿಸಿದರೆ, ಕೇಸರ ಹಾಗೂ ಶಲಾಕೆಗಳನ್ನು ಕಟ್ಟಲು ಬೇಕಾದಷ್ಟು ಕೋಶಗಳೇ ಹುಟ್ಟುವುದಿಲ್ಲ. ಬಹಳ ತಡಮಾಡಿದರೆ ಅಂಗಗಳು ಮಿತಿಮೀರುತ್ತವೆ. ಸರಿಯಾದ ಹೊತ್ತನ್ನು ಮೊಗ್ಗು ಅರಿಯುವುದಾದರೂ ಹೇಗೆ? ಅದಕ್ಕೆ ಸೂರ್ಯನ ನೆರಳೂ ಇಲ್ಲ, ಗಳಿಗೆ ಬಟ್ಟಲೂ ಇಲ್ಲ.

ಸಿಂಗಪುರದಲ್ಲಿ ತೋಷಿರೊ ಇತೊ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನಗಳು 2009ರಲ್ಲಿಯೂ 2014ರಲ್ಲಿಯೂ ಈ ಒಗಟನ್ನು ಬಿಡಿಸಿದವು. ಅಗಾಮಸಿಗೂ ವುಷೆಲಿಗೂ ನಡುವೆ ನಕಲ್ಸ್ ಎಂಬ ಇನ್ನೊಂದು ವಂಶವಾಹಿಯುಂಟು. ವುಷೆಲನ್ನು ಅಡಗಿಸುವ ದೂತ ಅದೇ. ಅಗಾಮಸ್ ಬಂದು ತಟ್ಟಿದರೂ ನಕಲ್ಸ್ ಏಳುವುದಕ್ಕೆ ಸುಮಾರು ಎರಡು ದಿನ ಹಿಡಿಯುತ್ತದೆ. ಏಕೆಂದರೆ ಡಿ.ಎನ್.ಎ. ಸುತ್ತಿಕೊಂಡಿರುವ ಪ್ರೋಟೀನುಗಳ ಮೇಲೆ, ಆ ವಂಶವಾಹಿಯನ್ನು ಓದಬಾರದು ಎಂದು ಸೂಚಿಸುವ ರಾಸಾಯನಿಕ ಮುದ್ರೆಗಳಿರುತ್ತವೆ. ಹೊಸ ಮುದ್ರೆಗಳನ್ನು ಒತ್ತುವವರನ್ನು ಅಗಾಮಸ್ ಅಲ್ಲಿಂದ ತಳ್ಳಿಬಿಡುತ್ತದೆ. ಇರುವ ಮುದ್ರೆಗಳನ್ನು ಮಾತ್ರ ಕೀಳುವುದಿಲ್ಲ.

ತಾಳೆಗರಿಯ ಕಟ್ಟೊಂದನ್ನು ಹಲವು ದಾರಗಳಿಂದ ಬಿಗಿದಿದೆಯೆಂದು ಭಾವಿಸೋಣ. ಗ್ರಂಥದ ಪ್ರತಿ ಮಾಡಿದಾಗ ಇದ್ದ ದಾರಗಳನ್ನೇ ಎರಡು ಕಟ್ಟುಗಳಿಗೂ ಹಂಚಬೇಕು. ಹೊಸ ದಾರ ಕೊಡುವವರಿಲ್ಲ. ಆ ಎರಡು ನಾಲ್ಕಾದಾಗ ಮತ್ತೆ ಹಂಚಬೇಕು. ಹೀಗೆ ಎರಡು ಮೂರು ಸಲ ಪ್ರತಿ ಮಾಡುವಷ್ಟರಲ್ಲಿ ಕಟ್ಟು ಸಡಿಲವಾಗಿ ಗ್ರಂಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೊಗ್ಗಿನಲ್ಲಿ ಆಗುವುದೂ ಇದೇ. ಪ್ರತಿಯೊಂದು ಕೋಶವಿಭಜನೆಯಲ್ಲಿಯೂ ಮುದ್ರೆಗಳು ಎರಡು ಮರಿಕೋಶಗಳಿಗೆ ಹಂಚಿಹೋಗಿ ತೆಳುವಾಗುತ್ತವೆ. ಕೆಲವು ವಿಭಜನೆಗಳಾದ ಬಳಿಕ ನಕಲ್ಸ್ ತೆರೆದುಕೊಳ್ಳುತ್ತದೆ. ಅದು ವುಷೆಲನ್ನು ಅಡಗಿಸುತ್ತದೆ. ಆಕರಕೋಶಗಳ ಅಧ್ಯಾಯ ಮುಗಿಯುತ್ತದೆ. ಔಷಧದಿಂದ ಕೋಶವಿಭಜನೆಯನ್ನು ನಿಧಾನಗೊಳಿಸಿದಾಗ ನಕಲ್ಸ್ ಏಳುವುದೂ ತಡವಾಯಿತು. ಮೊಗ್ಗು ಎಣಿಸುವುದು ತನ್ನದೇ ವಿಭಜನೆಗಳನ್ನು. ಬೆಳವಣಿಗೆಯೇ ಬೆಳವಣಿಗೆಯ ಅಂತ್ಯವನ್ನು ಅಳೆಯುತ್ತದೆ. ಇದನ್ನು ಓದಿದ ದಿನ ನಾವು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆವು.

ಲಿನೇಯಸರ ದಿಗ್ಭ್ರಮೆ

ಸ್ವೀಡನ್ನಿನ ಕಾರ್ಲ್ ಲಿನೇಯಸ್ ಸಸ್ಯಗಳಿಗೆಲ್ಲ ಹೆಸರಿಟ್ಟು ವರ್ಗೀಕರಿಸಿದ ಮಹಾಪಂಡಿತರು. ಹೂವಿನ ಕೇಸರ, ಶಲಾಕೆಗಳ ಸಂಖ್ಯೆಯೇ ಅವರ ವರ್ಗೀಕರಣಕ್ಕೆ ತಳಹದಿ. ಅವರ ನಾಡಿನಲ್ಲಿ ಲಿನಾರಿಯ ಎಂಬ ಹಳದಿ ಹೂವಿನ ಕಾಡುಗಿಡವುಂಟು. ಅದರ ಹೂವಿಗೆ ಮೇಲ್ದುಟಿ, ಕೆಳದುಟಿ ಎಂಬ ಭೇದವಿದ್ದು, ಎಡಬಲಗಳು ಮಾತ್ರ ಸಮ. 1742ರಲ್ಲಿ ವಿದ್ಯಾರ್ಥಿಯೊಬ್ಬನಿಗೆ, ಗಿಡವೆಲ್ಲ ಲಿನಾರಿಯದಂತೆಯೇ ಇದ್ದು ಹೂವು ಮಾತ್ರ ಸುತ್ತಲೂ ಸಮವಾಗಿ ಚಾಚಿಕೊಂಡ ಒಂದು ಸಸ್ಯ ದೊರೆಯಿತು. 1744ರಲ್ಲಿ ಲಿನೇಯಸರು ಅದನ್ನು ವರ್ಣಿಸಿ, ವಿಕಾರರೂಪಿ ಎಂಬರ್ಥದ ಗ್ರೀಕ್ ಶಬ್ದದಿಂದ ಪೆಲೋರಿಯ ಎಂದು ಕರೆದರು. ಒಂದು ಗಿಡದಿಂದ ಇನ್ನೊಂದು ಬಗೆಯ ಗಿಡ ಹುಟ್ಟಬಹುದಾದರೆ ತಾವು ಹಾಕಿದ ಗೆರೆಗಳ ಗತಿಯೇನೆಂಬ ಚಿಂತೆ ಅವರನ್ನು ಹಿಡಿಯಿತು. ಅನುಕೂಲವಲ್ಲದ ಸಾಕ್ಷ್ಯವನ್ನು ಮರೆಮಾಡದೆ ಪ್ರಕಟಿಸಿದ್ದು ಅವರ ದೊಡ್ಡತನ.

ಉತ್ತರದ ಮೊದಲರ್ಧ ಸ್ನ್ಯಾಪ್‌ಡ್ರಾಗನ್ನಿನಿಂದ ಬಂತು. ಅದರ ಎಳೆಯ ಮೊಗ್ಗಿನಲ್ಲಿ ಐದು ಕೇಸರಗಳು ಮೂಡುತ್ತವೆ. ಆದರೆ ಮೇಲ್ಬದಿಯ ಕೇಸರ ಬೆಳೆಯದೆ ಮುದುಡಿ, ಅರಳಿದ ಹೂವಿನಲ್ಲಿ ನಾಲ್ಕೇ ಉಳಿಯುತ್ತವೆ. ಇದು ಸೈಕ್ಲಾಯ್ಡಿಯ ಎಂಬ ವಂಶವಾಹಿಯ ಕೆಲಸವೆಂದು 1996ರಲ್ಲಿ ತಿಳಿಯಿತು. ಆ ವಂಶವಾಹಿ ಮೇಲ್ಬದಿಯ ಕೇಸರದಲ್ಲಿ ಡಿ ವರ್ಗದ ಸೈಕ್ಲಿನ್ ಒಂದನ್ನು ತಗ್ಗಿಸುತ್ತದೆಂದು 2000ದಲ್ಲಿ ನಾರಿಚ್ಚಿನ ವಿಜ್ಞಾನಿಗಳು ತೋರಿಸಿದರು. ಅಂದರೆ ಆಕಾರವನ್ನು ಆಳುವ ವಂಶವಾಹಿ ಬೀಗದ ಕೈಯನ್ನೇ ಕಸಿದುಕೊಂಡು ಆ ಒಂದೆಡೆ ಕೋಶವಿಭಜನೆಯನ್ನು ನಿಲ್ಲಿಸುತ್ತದೆ. ಸೈಕ್ಲಾಯ್ಡಿಯವೂ ಅದರ ಜೊತೆಗಾರನೂ ಎರಡೂ ಕೆಟ್ಟರೆ ಮೇಲು ಕೆಳಗೆಂಬ ಭೇದವಳಿದು ಹೂವು ಸುತ್ತಲೂ ಸಮವಾಗುತ್ತದೆ.

ಉತ್ತರಾರ್ಧ 1999ರಲ್ಲಿ ದೊರೆಯಿತು. ಪಿಲಾರ್ ಕ್ಯೂಬಾಸ್, ಕೋರಲ್ ವಿನ್ಸೆಂಟ್ ಹಾಗೂ ಕೋಯೆನ್ ಅವರು ಪೆಲೋರಿಯ ಹೂವಿನ ಲಿನಾರಿಯವನ್ನು ಪರೀಕ್ಷಿಸಿದಾಗ, ಅದರ ಸೈಕ್ಲಾಯ್ಡಿಯ ವಂಶವಾಹಿಯಲ್ಲಿ ಮಿಥೈಲ್ ಎಂಬ ರಾಸಾಯನಿಕ ಗುಂಪು ದಟ್ಟವಾಗಿ ಅಂಟಿಕೊಂಡು ಆ ವಂಶವಾಹಿ ಮೂಕವಾಗಿತ್ತು. ಹೂವು ಬದಲಾದದ್ದು ಅಕ್ಷರದೋಷದಿಂದಲ್ಲ, ಅಕ್ಷರಗಳ ಮೇಲೆ ಮುಸುಕು ಬಿದ್ದುದರಿಂದ. ಕೆಲವು ಗಿಡಗಳಲ್ಲಿ ಮುಸುಕು ಸರಿದು ಹೂವು ಮೊದಲಿನ ರೂಪಕ್ಕೆ ಮರಳುವುದೂ ಉಂಟು. ಲಿನೇಯಸರನ್ನು ಕಾಡಿದ ಪ್ರಶ್ನೆಗೆ ಇನ್ನೂರೈವತ್ತೈದು ವರ್ಷಗಳ ಮೇಲೆ ಸಮಾಧಾನ ದೊರೆಯಿತು.

ಎಸಳಿನ ಅಳತೆ

ಎಸಳು ಎಷ್ಟು ದೊಡ್ಡದಾಗಬೇಕೆಂಬುದಕ್ಕೂ ಕಟ್ಟಳೆಯುಂಟು. ಎಳೆಯ ಎಸಳಿನಲ್ಲಿ ಮೊದಲು ಕೋಶಗಳು ಒಡೆದು ಸಂಖ್ಯೆ ಹೆಚ್ಚುತ್ತದೆ. ಅನಂತರ ವಿಭಜನೆ ನಿಂತು ಇದ್ದ ಕೋಶಗಳೇ ಹಿಗ್ಗುತ್ತವೆ. ಮೊದಲ ಹಂತ ಎಷ್ಟು ದಿನ ನಡೆಯಿತೆಂಬುದರ ಮೇಲೆ ಎಸಳಿನ ಗಾತ್ರ ಬಹುಪಾಲು ನಿಂತಿದೆ. ಐಂಟೆಗುಮೆಂಟ ಎಂಬ ವಂಶವಾಹಿ ಆ ಅವಧಿಯನ್ನು ಹಿಗ್ಗಿಸುತ್ತದೆಂದು 2000ದಲ್ಲಿ ತಿಳಿಯಿತು. ಬಿಗ್ ಬ್ರದರ್, ಎಂದರೆ ದೊಡ್ಡಣ್ಣ, ಎಂಬ ಹೆಸರಿನ ವಂಶವಾಹಿ ಆ ಅವಧಿಯನ್ನು ಕುಗ್ಗಿಸುತ್ತದೆಂದು 2006ರಲ್ಲಿ ತಿಳಿಯಿತು. ದೊಡ್ಡಣ್ಣನಿಲ್ಲದ ಗಿಡದಲ್ಲಿ ಎಸಳುಗಳು ದೊಡ್ಡವು; ಅವನ ಪ್ರಾಬಲ್ಯ ಹೆಚ್ಚಿದ ಗಿಡದಲ್ಲಿ ಕಿರಿಯವು. ಇಟ್ಟ ಹೆಸರು ಎಷ್ಟು ಸಾರ್ಥಕ!

ಈ ವಿಚಾರದಲ್ಲಿ ನಮ್ಮ ನಾಡಿಗೂ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಲೇಬೇಕು. ಎಲೆ ಚಪ್ಪಟೆಯಾಗಿರುವುದು ಸಹಜವೆಂದು ನಾವು ಎಣಿಸುತ್ತೇವೆ. ಆದರೆ ನಡುವಿಗಿಂತ ಅಂಚು ತುಸು ಹೆಚ್ಚು ಬೆಳೆದರೂ ಎಲೆ ಸುರುಟಿ ನೆರಿಗೆಗಟ್ಟುತ್ತದೆ. 2003ರಲ್ಲಿ ಉತ್ಪಲ್ ನಾಥ್ ಅವರು ಕೋಯೆನ್ ಮೊದಲಾದವರೊಡನೆ ಸ್ನ್ಯಾಪ್‌ಡ್ರಾಗನ್ನಿನ ಸಿನ್ಸಿನಾಟ ಎಂಬ ವಂಶವಾಹಿಯನ್ನು ಪರಿಶೀಲಿಸಿ, ಎಲೆಯ ಅಂಚಿನಲ್ಲಿ ವಿಭಜನೆಯನ್ನು ಸಕಾಲದಲ್ಲಿ ನಿಲ್ಲಿಸಿ ಎಲೆಯನ್ನು ಸಮತಟ್ಟಾಗಿಡುವುದು ಅದರ ಕೆಲಸವೆಂದು ತೋರಿಸಿದರು. ಅದೇ ವಂಶವಾಹಿ ಎಸಳಿನಲ್ಲಿ ವಿರುದ್ಧ ಪಾತ್ರವನ್ನು ವಹಿಸಿ ಬೆಳವಣಿಗೆಗೆ ಒತ್ತಾಸೆಯಾಗುತ್ತದೆಂದು 2004ರಲ್ಲಿ ತಿಳಿದುಬಂತು. ನಾಥ್ ಅವರು ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಸಂಶೋಧನೆಯನ್ನು ಮುಂದುವರಿಸಿದರು. ಒಂದೇ ಮಾತು ಸಂದರ್ಭಭೇದದಿಂದ ಬೇರೆ ಅರ್ಥ ಕೊಡುವಂತೆ, ಒಂದೇ ವಂಶವಾಹಿ ಸ್ಥಾನಭೇದದಿಂದ ಬೇರೆ ಫಲ ಕೊಡುತ್ತದೆ.

ಅಡುಗೆಮನೆಯ ಟೊಮೆಟೊ

ಇದೆಲ್ಲ ಪ್ರಯೋಗಶಾಲೆಯ ಕುತೂಹಲವೆಂದು ಗೃಹಿಣಿಯರು ಭಾವಿಸಬೇಕಾಗಿಲ್ಲ. ಸಾರಿಗೆ ಹೆಚ್ಚುವ ಟೊಮೆಟೊ ಹಣ್ಣನ್ನೇ ನೋಡೋಣ. ಅದರ ಕಾಡು ಪೂರ್ವಜರು ದಕ್ಷಿಣ ಅಮೆರಿಕದವು. ಹಣ್ಣು ಬೆರಳ ತುದಿಯಷ್ಟು, ಅಡ್ಡ ಕೊಯ್ದರೆ ಎರಡೇ ಕೋಣೆ. ಇಂದಿನ ದೊಡ್ಡ ಹಣ್ಣುಗಳಲ್ಲಿ ಅನೇಕ ಕೋಣೆಗಳಿರುತ್ತವೆ. ಈ ವೃದ್ಧಿಯ ಬೇರು ಹಣ್ಣಿನಲ್ಲಿಲ್ಲ, ಹೂವಿನ ಮೊಗ್ಗಿನಲ್ಲಿದೆ. ಕ್ಲಾವಾಟ, ವುಷೆಲ್ ಎಂದು ನಾವು ಮೇಲೆ ಹೇಳಿದ ವಂಶವಾಹಿಗಳ ಬಳಿಯಲ್ಲಿ ಆದ ಬದಲಾವಣೆಗಳಿಂದ ಟೊಮೆಟೊ ಮೊಗ್ಗಿನ ಗುಮ್ಮಟ ಹಿಗ್ಗಿ, ಅಂಡಪರ್ಣಗಳು ಹೆಚ್ಚಾಗಿ, ಹಣ್ಣಿನ ಕೋಣೆಗಳು ಹೆಚ್ಚಿದವು. 2000ದಲ್ಲಿ ಅಮೆರಿಕದ ಸ್ಟೀವನ್ ಟ್ಯಾಂಕ್ಸ್‌ಲಿ ಅವರ ತಂಡ ಟೊಮೆಟೊದ ಇನ್ನೊಂದು ವಂಶವಾಹಿಯನ್ನು ಗುರುತಿಸಿತು. ಅದು ಹೂವಿನ ಅಂಡಾಶಯದಲ್ಲಿ ಕೋಶವಿಭಜನೆಗೆ ತಡೆಯೊಡ್ಡುತ್ತದೆ. ಆ ತಡೆ ಸಡಿಲವಾದ ಗಿಡಗಳಲ್ಲಿ ಹಣ್ಣಿನ ತೂಕ ಶೇಕಡ 30ರವರೆಗೆ ಹೆಚ್ಚಬಲ್ಲುದು. ಡಿ.ಎನ್.ಎ. ಎಂಬ ಶಬ್ದವನ್ನೇ ಅರಿಯದ ಪ್ರಾಚೀನ ರೈತರು, ದೊಡ್ಡ ಹಣ್ಣಿನ ಬೀಜವನ್ನೇ ಮುಂದಿನ ಬಿತ್ತನೆಗೆ ತೆಗೆದಿರಿಸುತ್ತ, ಅರಿಯದೆಯೇ ಈ ಕಟ್ಟಳೆಯನ್ನು ತಿದ್ದಿದರು.

ಆದರೆ ಅವರು ತಡೆಯನ್ನು ಸಡಿಲಿಸಿದರೇ ಹೊರತು ಕಿತ್ತೊಗೆಯಲಿಲ್ಲ ಎಂಬುದನ್ನು ಗಮನಿಸಬೇಕು. ತುಸು ಸಡಿಲವಾದರೆ ದೊಡ್ಡ ಹಣ್ಣು. ಪೂರ್ತಿ ಕಳಚಿದರೆ ಬೆಳವಣಿಗೆ ಹದ್ದು ಮೀರುತ್ತದೆ.

ತಡೆ ತಪ್ಪಿದಾಗ

ಈ ಮಾತು ನಮ್ಮ ಶರೀರಕ್ಕೂ ಅನ್ವಯಿಸುತ್ತದೆ. ಕ್ಯಾನ್ಸರ್ ಎಂದರೆ ನಿಲ್ಲೆಂಬ ಆಜ್ಞೆಯನ್ನು ಕೇಳದ ಕೋಶಗಳ ಸಮೂಹವೇ ಸರಿ. ಸ್ತನ ಕ್ಯಾನ್ಸರಿನ ಹಲವು ಪ್ರಸಂಗಗಳಲ್ಲಿ ಸೈಕ್ಲಿನ್ ಡಿ ಮತ್ತು ಅದರ ಜೊತೆಗಾರ ಕಿಣ್ವದ ಕೆಲಸ ಹದ್ದು ಮೀರಿರುತ್ತದೆ. ಆ ಕಿಣ್ವವನ್ನೇ ತಡೆದು ರೋಗದ ಮುನ್ನಡೆಯನ್ನು ನಿಧಾನಗೊಳಿಸುವ ಪಾಲ್ಬೊಸಿಕ್ಲಿಬ್ ಎಂಬ ಔಷಧಕ್ಕೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಯೀಸ್ಟು, ಅರ್ಚಿನ್ನುಗ‌ಳ ಕೋಶಗಳನ್ನು ಕೇವಲ ಜಿಜ್ಞಾಸೆಯಿಂದ ನೋಡಿದವರ ಶ್ರಮ ಮೂರು ದಶಕಗಳ ಮೇಲೆ ಅದೆಷ್ಟೋ ತಾಯಂದಿರ ಆಯುಷ್ಯಕ್ಕೆ ಆಸರೆಯಾಯಿತು. ಹೂವಿನಲ್ಲಿಯೂ ಅದೇ ಬೀಗವಿದೆಯೆಂದ ಮಾತ್ರಕ್ಕೆ ಹೂವನ್ನು ತಿಂದರೆ ಕ್ಯಾನ್ಸರ್ ಗುಣವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು. ಮೈಯಲ್ಲಿ ಗಂಟು ಕಂಡರೆ ಸಂಕೋಚ ಬಿಟ್ಟು ವೈದ್ಯರ ಬಳಿಗೆ ಹೋಗುವುದೇ ಸರಿಯಾದ ದಾರಿ.

ಮಕ್ಕಳಿಗೊಂದು ಕೆಲಸ

ಲೇಖನವನ್ನು ಮುಗಿಸುವ ಮುನ್ನ ಮನೆಯ ಮಕ್ಕಳಿಗೆ ಒಂದು ಕೆಲಸವನ್ನು ಸೂಚಿಸುತ್ತೇವೆ. ಐದೆಸಳಿನ ದಾಸವಾಳವೊಂದನ್ನೂ ತುಂಬೆಸಳಿನದೊಂದನ್ನೂ ಬಿಡಿಸಿ ತನ್ನಿ. ಬಿಳಿಯ ಕಾಗದದ ಮೇಲೆ ಎರಡರ ಅಂಗಗಳನ್ನೂ ಹೊರಗಿನಿಂದ ಒಳಕ್ಕೆ ಕ್ರಮವಾಗಿ ಬಿಡಿಸಿಡಿ. ಹಸಿರು ಪತ್ರಗಳೆಷ್ಟು, ಎಸಳುಗಳೆಷ್ಟು ಎಂದು ಎಣಿಸಿ ಬರೆಯಿರಿ. ಅರ್ಧ ಎಸಳು ಅರ್ಧ ಕೇಸರವಾಗಿರುವ ಅಂಗವನ್ನು ಹುಡುಕಿ. ದೊರೆತರೆ ಅದನ್ನು ಅಜ್ಜಿಗೂ ತೋರಿಸಿ; ಅವರು ಅರವತ್ತು ವರ್ಷ ಹೂ ಕಟ್ಟಿದ್ದರೂ ಅದನ್ನು ಗಮನಿಸಿರಲಿಕ್ಕಿಲ್ಲ. ನಾವೂ ಗಮನಿಸಿರಲಿಲ್ಲ.

ಎಸಳುಗಳು ತುಂಬಿದ ಹೂವನ್ನು ಹೀಗಳೆಯುವುದು ನಮ್ಮ ಅಭಿಪ್ರಾಯವಲ್ಲ. ಅದರ ಸೊಬಗು ಅದಕ್ಕುಂಟು. ಆದರೆ ಬೀಜ ಕಟ್ಟುವ ಶಕ್ತಿ ಕಳೆದ ಗಿಡವನ್ನು ನಾವು ಕಡ್ಡಿ ನೆಟ್ಟು ಬೆಳೆಸಬೇಕು. ತನ್ನ ಸಂತತಿಯನ್ನು ತಾನು ಮುಂದುವರಿಸಲಾರದೆ ಅದು ಮನುಷ್ಯನ ಕೈಯನ್ನು ಕಾಯುತ್ತದೆ. ಐದೆಸಳಿನ ಹೂವು ಸಕಾಲದಲ್ಲಿ ನಿಂತುದರಿಂದಲೇ ಅದರಲ್ಲಿ ಪರಾಗ ಮೂಡಿತು, ಅಂಡಾಶಯ ಮೂಡಿತು. ಬೆಳೆಯಬಲ್ಲ ಶಕ್ತಿ ಎಲ್ಲ ಕೋಶಗಳಿಗೂ ಉಂಟು. ಇಷ್ಟು ಸಾಕೆಂದು ನಿಂತ ಕೋಶಗಳಿಂದಲೇ ಹೂವು ಹೂವಾಗುತ್ತದೆ, ನಾಳೆಯ ಗಿಡಕ್ಕೆ ಬೀಜವಾಗುತ್ತದೆ. ನಾಳೆ ಬೆಳಿಗ್ಗೆ ಹೂ ಬಿಡಿಸುವಾಗ ಈ ಮಾತು ನೆನಪಿಗೆ ಬಂದರೆ ನಮ್ಮ ಬರಹ ಸಾರ್ಥಕ.